ಟ್ಯಾಂಕ್ ಕಾಣುತ್ತಿದೆ

ಹದ್ದುಗಣ್ಣನಿಗೆ ಆ ಗುರುವಾರ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪುಟ್ಟ ವಿಮಾನ ನಿಲ್ದಾಣದ ರೇಡಿಯೊ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಒಬ್ಬನೇ ದುಡಿಯುತ್ತಿದ್ದವನು. ಆ ಅಡ್ಡಹೆಸರು ಬಂದದ್ದೂ ಅಲ್ಲಿನ ಕಿಟಕಿಯಿಂದಲೇ. ಕಿಟಕಿಯ ನೇರಕ್ಕೆ, ಎರಡು ಕಿಲೋಮೀಟರ್ ಆಚೆ, ಊರಿನ ನೀರಿನ ಟ್ಯಾಂಕ್. ಅದು ಕಂಡರೆ ವಿಮಾನ ಇಳಿಯಬಹುದು, ಕಾಣದಿದ್ದರೆ ಕೂಡದು. ದಿನಾ ಎಂಟು ಗಂಟೆಗೆ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಅದೇನು ಮಹಾ ಕೆಲಸ ಅನ್ನಬೇಡಿ, ಇಳಿಯುವವರ ಜೀವ ಆ ಒಂದು ಮಾತಿನ ಮೇಲಿತ್ತು.

ಇವತ್ತು ಹಾಳು ಮಂಜು. ಭಾನುವಾರ ತನ್ನ ನಾಲ್ಕು ಸೀಟಿನ ವಿಮಾನ ಹತ್ತಿ ಹೋಗಿದ್ದ ಭಾವ ಈಗ ವಾಪಸು ಬಂದು, ಮಂಜಿನ ಮೇಲೆ ಗಿರಕಿ ಹೊಡೆಯುತ್ತಿದ್ದ.

"ಲೋ, ಟ್ಯಾಂಕ್ ಕಾಣ್ತಿದೆಯಾ?" ರೇಡಿಯೊದಲ್ಲಿ ಭಾವನ ದನಿ. "ಇಲ್ಲ ಅಂದ್ರೆ ಹೇಳಿಬಿಡು, ಪಕ್ಕದೂರಲ್ಲಿ ಇಳೀತೀನಿ. ಪೆಟ್ರೋಲ್‌ಗೇನೂ ಬರ ಇಲ್ಲ."

ಹದ್ದುಗಣ್ಣ ಎದ್ದ, ಕೂತ, ಮತ್ತೆ ಎದ್ದ. ಮಂಜು ಕೊಂಚ ತೆಳುವಾಯಿತು. ಬೇಲಿ ಕಂಡಿತು. ಅದರಾಚೆ ಬೂದು ಬಣ್ಣದ ಗುಂಡನೆಯ ನೆರಳು.

"ಕಾಣ್ತಿದೆ ಭಾವ. ಬನ್ನಿ."

"ನಿನ್ನ ಕಣ್ಣಿಗೆ ಬಿತ್ತು ಅಂದ್ರೆ ಮುಗೀತು. ಇಳೀತಿದ್ದೀನಿ."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅಕ್ಕ ಬಂದಳು, ಕೈಯಲ್ಲಿ ಎರಡು ಖಾಲಿ ಕ್ಯಾನು.

"ನಿಮ್ಮ ಭಾವ ಬಂದ್ರೇನೋ?"

"ಇಳೀತಿದ್ದಾರೆ. ಇದೇನಕ್ಕ, ಕ್ಯಾನ್ ಹಿಡ್ಕೊಂಡು ಸವಾರಿ?"

"ನಿನಗೇನಪ್ಪ ರಾಜ, ಇಲ್ಲೇ ಹಿಂದಿನ ಕೋಣೇಲಿ ಬಿದ್ಕೊಂಡಿರ್ತೀಯ, ತಿರುಗಿಸಿದ್ರೆ ಬೋರ್ ನೀರು. ನಮ್ಮ ಬೀದೀಲಿ ನಲ್ಲಿ ಒಣಗಿ ನಾಲ್ಕು ದಿನ ಆಯ್ತು. ಸೋಮವಾರ ಟ್ಯಾಂಕ್ ಕೆಡವಿಬಿಟ್ರಲ್ಲ, ಹೊಸದು ಕಟ್ತಾರಂತೆ."

ಹದ್ದುಗಣ್ಣ ಕಿಟಕಿಯತ್ತ ತಿರುಗಿದ. ಅಯ್ಯೋ ಪಾಪಿ ಕಣ್ಣೇ! ಹನ್ನೊಂದು ವರ್ಷ ನೋಡಿ ನೋಡಿ, ಇಲ್ಲದ ಟ್ಯಾಂಕನ್ನೂ ನೋಡಿಬಿಟ್ಟಿತ್ತು. ಮೈಕಿನತ್ತ ಧಾವಿಸಿದ.

"ಭಾವಾ, ಮೇಲೆ ಹೋಗಿ! ಟ್ಯಾಂಕ್ ಇಲ್ಲ! ನಾನು ನೋಡಲೇ ಇಲ್ಲ, ಸುಮ್ನೆ ಹೇಳ್ಬಿಟ್ಟೆ! ಮೇಲೆ ಹೋಗಿ!"

ಎಂಜಿನ್ ಸದ್ದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಚಾವಣಿ ಸವರಿಕೊಂಡೇ ಹೋದ ಹಾಗಾಯಿತು. ಕಿಟಕಿಯ ಗಾಜುಗಳು ಗಡಗಡ ಅಂದವು. ಅಕ್ಕನ ಕೈಯಿಂದ ಕ್ಯಾನುಗಳು ಬಿದ್ದು ಉರುಳಿದವು. ಅವಳಿಗೆ ಎಲ್ಲ ಅರ್ಥವಾಗಿತ್ತು. ಸದ್ದು ನಿಂತಿತು. ದೂರವಾಯಿತೋ, ನೆಲಕ್ಕೆ ಬಡಿಯಿತೋ? ಹದ್ದುಗಣ್ಣ ಮೈಕು ಹಿಡಿದು ಭಾವಾ, ಭಾವಾ ಎನ್ನುತ್ತಲೇ ಇದ್ದ.

"ಏರಿದ್ದೀನಿ," ಅಂದಿತು ರೇಡಿಯೊ. "ನೀನು ಕಂಡೆ ಅಂದೆಯಲ್ಲ, ನನಗೂ ರನ್‌ವೇ ಕಂಡೇಬಿಡ್ತು ಕಣೋ. ನೋಡಿದ್ರೆ ಪಕ್ಕದ ಹೆದ್ದಾರಿ. ಎದುರಿಗೆ ಲಾರಿ ಬರ್ತಿತ್ತು."

ಅಕ್ಕ ಮೈಕು ಕಸಿದುಕೊಂಡಳು. "ಪಕ್ಕದೂರಲ್ಲಿ ಇಳ್ಕೊಂಡು ಬಸ್ಸಲ್ಲಿ ಬನ್ನಿ. ಮತ್ತೆ ಆ ತಗಡಿನ ಡಬ್ಬಿ ಹತ್ತಿದ್ರೆ ನೋಡಿ!" ಎಂದು ಗದರಿದವಳು ಕುರ್ಚಿಗೆ ಕುಸಿದು ಗೊಳೋ ಎಂದು ಅತ್ತಳು.

ಅರ್ಧ ಗಂಟೆಯ ಮೇಲೆ ಭಾವ ಇಳಿದನೆಂದು ಫೋನ್ ಬಂತು. ಹೋದ ಜೀವ ಬಂದಂತಾಗಿ ಅಕ್ಕ ಕಣ್ಣೊರೆಸಿಕೊಂಡಳು. ನಡೆದದ್ದನ್ನು ನಡೆದ ಹಾಗೆ ಬರೆದುಬಿಡಬೇಕೆಂದು ಹದ್ದುಗಣ್ಣ ರಿಜಿಸ್ಟರ್ ತೆಗೆದ. 'ಮಂಜಿನಿಂದ ಮೋಸಹೋಗಿ' ಎಂದು ಶುರುಮಾಡಿದವನ ಪೆನ್ನು ಅಲ್ಲಿಗೇ ನಿಂತಿತು. ಮೇಲಿನ ಎರಡು ಸಾಲು ಅವನದೇ ದುಂಡು ಅಕ್ಷರದಲ್ಲಿದ್ದವು.

ಮಂಗಳವಾರ, ಎಂಟು ಗಂಟೆ: ಟ್ಯಾಂಕ್ ಕಾಣುತ್ತಿದೆ.

ಬುಧವಾರ, ಎಂಟು ಗಂಟೆ: ಟ್ಯಾಂಕ್ ಕಾಣುತ್ತಿದೆ.

ಅಕ್ಕ ಅವನ ಹೆಗಲ ಮೇಲಿಂದ ಬಗ್ಗಿ ಓದಿದಳು.

"ಆ ಎರಡು ದಿನ ಸುಡುಬಿಸಿಲಿತ್ತಲ್ಲೋ," ಅಂದಳು.