ಕಂಬಳಿ ಓಣಿಯ ಉದ್ಯಾನ

ಗೋಕಾಕದ ಕಂಬಳಿ ಓಣಿಯ ಬಯಲಿಗೆ ಬೇಲಿ ಬಿದ್ದು ಅದು ಉದ್ಯಾನವಾದ ಮೇಲೆ ಅದಕ್ಕೊಂದು ಇತಿಹಾಸ ಬೇಕಾಯಿತು. ಬಯಲಾಗಿದ್ದಾಗ ಯಾರೂ ಕೇಳಿರಲಿಲ್ಲ.

ಓಣಿಯ ಎರಡೂ ಬದಿ ಮಗ್ಗಗಳಿದ್ದ ಕಾಲದಲ್ಲಿ ಕುರುಬರು ಇಲ್ಲಿ ಹಿಂಡು ನಿಲ್ಲಿಸಿ ಉಣ್ಣೆ ಕತ್ತರಿಸುತ್ತಿದ್ದರು. ನೇಕಾರರು ನೂಲಿಗೆ ಹುಣಸೆ ಬೀಜದ ಗಂಜಿ ಬಳಿದು ಇಲ್ಲೇ ಒಣಗಿಸುತ್ತಿದ್ದರು. ಆಮೇಲೆ ಅವರ ಮಕ್ಕಳು ಮಿಲ್ಲಿನ ಪಗಾರ ಹಿಡಿದರು, ಮಗ್ಗದ ಕುಳಿಗಳ ಮೇಲೆ ಟೈಲ್ಸ್ ಬಂತು, ಬಯಲಿಗೆ ಕ್ರಿಕೆಟ್ಟು, ಕಸ, ಬ್ಯಾಂಡಿನವರ ತಾಲೀಮು. ನದಿ ಉಕ್ಕಿ ಓಣಿಯೊಳಗೆ ನುಗ್ಗಿದ ವರ್ಷ ಕೆಸರು ತೆಗೆಯಲು ಬಂದ ಯಂತ್ರ ಬಯಲನ್ನೂ ಸಮ ಮಾಡಿಟ್ಟು ಹೋಯಿತು. ಸಮ ನೆಲ ಕಂಡವರಿಗೆ ಉದ್ಯಾನ ಹೊಳೆಯಿತು.

ಇಷ್ಟರಲ್ಲೂ ಒಂದು ಪದ್ಧತಿ ಉಳಿದುಕೊಂಡಿತ್ತು. ಸುಗ್ಗಿ ಮುಗಿದ ಮೇಲೆ ತುಕ್ಕಾನಟ್ಟಿಯ ಹಣಮವ್ವ ಮತ್ತು ಅವಳ ಗಂಡ ಬೀರಸಿದ್ದಪ್ಪ ಕಣಗಲಾ ಕಡೆ ಕುರಿ ಹೊಡೆದುಕೊಂಡು ಹೋಗುವಾಗ ಇಲ್ಲಿ ಒಂದು ರಾತ್ರಿ ತಂಗುತ್ತಾರೆ. ಅಪ್ಪಣೆ ಕೇಳುವ ರೀತಿಯೂ ಹಳೆಯದೇ. ಹಣಮವ್ವ ಓಣಿಯ ಹಿರಿಯನ ಹೆಗಲಿಗೆ ಕಂಬಳಿ ಹೊದಿಸುತ್ತಾಳೆ. ಅವನು ಹೊದ್ದುಕೊಂಡರೆ ಹಿಂಡು ಒಳಗೆ. ಹೆಗಲು ಸರಿಸಿದರೆ ಮುಂದಿನ ಊರು. ಹಿರಿಯನಾಗಿದ್ದ ದುರ್ಗಪ್ಪಜ್ಜ ಒಮ್ಮೆಯೂ ಸರಿಸಿದವನಲ್ಲ.

ಉದ್ಯಾನದ ಇತಿಹಾಸ ಬರೆದವರು ವಾಯುವಿಹಾರಿಗಳ ಸಂಘದ ಅಧ್ಯಕ್ಷ ಮಹಾಂತೇಶ. ಹುಕ್ಕೇರಿಯವರು, ಓಣಿಗೆ ಅಳಿಯ. ‘ಪುರಾತನ ಕಾಲದಿಂದಲೂ ವಾಯುವಿಹಾರಕ್ಕೆ ಹೆಸರಾದ ತಾಣ’ ಎಂದು ಫಲಕದ ಮೇಲೆ ಬರೆಸಿದರು. ಪುರಾತನ ಕಾಲದಲ್ಲಿ ಇಲ್ಲಿ ನಡೆದವರೆಲ್ಲ ಎಲ್ಲಿಗಾದರೂ ತಲುಪಬೇಕೆಂದೇ ನಡೆದವರು. ಕೆಳಗೆ ಇನ್ನೊಂದು ಸಾಲು: ‘ಜಾನುವಾರುಗಳಿಗೆ ಪ್ರವೇಶವಿಲ್ಲ.’ ಒಳ್ಳೆಯ ಮನುಷ್ಯ, ಹುಲ್ಲಿನ ಮೇಲೆ ಪ್ರಾಣ. ಸನ್ಮಾನದ ಶಾಲಿಗೂ ಅಷ್ಟೇ ಪ್ರಾಣ.

ಉದ್ಯಾನದ ಮೊದಲ ವಾರ್ಷಿಕೋತ್ಸವದ ಸಂಜೆ ಅಧ್ಯಕ್ಷರು ವೇದಿಕೆಯ ಮೇಲಿದ್ದರು. ಹಣಮವ್ವ ಗೇಟಿಗೆ ಬಂದಳು. ಕಾವಲುಗಾರ ಮುತ್ತಪ್ಪ ಅಡ್ಡ ನಿಂತ.

“ಕುರಿ ಬಿಡಂಗಿಲ್ಲಬೇ ಎವ್ವಾ. ಬೋರ್ಡ ಐತಿ ನೋಡ.”

“ಕುರಿಗೆ ಓದಾಕ ಬರ್ತೈತೇನೊ? ನನಗs ಬರೂದಿಲ್ಲ. ಎಳೀ ಮರಿ ಅದಾವ ತಮ್ಮಾ. ರೋಡಿನಾಗ ಕಬ್ಬಿನ ಟ್ರ್ಯಾಕ್ಟರ ಒಂದರ ಬೆನ್ನಿಗೆ ಒಂದ ಹೊಂಟಾವ. ಹೊತ್ತ ಮುಣಗಿದ ಮ್ಯಾಲ ಎಲ್ಲಿಗೆ ಹೊಡ್ಕೊಂಡ ಹೋಗ್ಲಿ? ದುರ್ಗಪ್ಪನ್ನ ಕರಿ.”

“ಹ್ವಾದ ಮಳಿಗಾಲದಾಗ ತೀರ್ಕೊಂಡ್ರು.”

ಹಣಮವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು: “ಈಗ ಹಿರ್ಯಾ ಯಾರ?”

ಮುತ್ತಪ್ಪ ವೇದಿಕೆಯತ್ತ ಕೈ ತೋರಿಸಿದ. ಜಾನುವಾರು ಬಿಡಬಾರದು ಎಂದಿತ್ತೇ ಹೊರತು ಹಣಮವ್ವನನ್ನು ಬಿಡಬಾರದು ಎಂದಿರಲಿಲ್ಲ.

ಮಡಚಿದ ಬಟ್ಟೆ ಹಿಡಿದು ಯಾರೋ ವೇದಿಕೆ ಹತ್ತಿದ್ದನ್ನು ಕಂಡು ಮಹಾಂತೇಶ ಅಭ್ಯಾಸಬಲದಿಂದ ಎದ್ದು ಕೊರಳು ಬಗ್ಗಿಸಿದರು. ಕಂಬಳಿ ಹೆಗಲಿಗೆ ಬಿತ್ತು. ಓಣಿಯ ಹಳಬರೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದರು. ಅವರು ಹಾಗೆ ತಟ್ಟಿದ್ದು ಅದೇ ಮೊದಲು. ಅಧ್ಯಕ್ಷರು ನಾಲ್ಕೂ ದಿಕ್ಕಿಗೆ ಕೈಮುಗಿದರು.

“ಹೊದ್ದ್ರು!” ಹಣಮವ್ವ ಗೇಟಿನತ್ತ ಕೂಗಿದಳು. “ಹೊಡ್ಕೊಂಡ ಬರ್ರಿ!”

ಎಳೆಯ ಮರಿಯೊಂದನ್ನು ಎದೆಗವಚಿಕೊಂಡು ಬೀರಸಿದ್ದಪ್ಪ ಮುಂದೆ ಬಂದ. ಹಿಂದೆ ಹಿಂಡು.

“ಏನಿದು?” ಮಹಾಂತೇಶ ಮುಂದಿನ ಸಾಲಿನಲ್ಲಿದ್ದ ಹೆಂಡತಿ ಕಸ್ತೂರಿಯನ್ನು ಕೇಳಿದರು. ಆಕೆ ಈ ಓಣಿಯಲ್ಲೇ ಹುಟ್ಟಿದವಳು.

“ಇವತ್ತ ರಾತ್ರಿ ಬಯಲ ಅವರದು ಅಂತ ಮಾತ ಕೊಟ್ರಿ ನೀವು.”

“ನಾ ಎಲ್ಲಿ ಬಾಯಿ ಬಿಟ್ಟೇನಿ?”

“ಬಾಯಿ ಬಿಟ್ಟಿದ್ರ ಯಾರ ನಂಬತಿದ್ರು? ಹೊದ್ದ್ರಲ್ಲಾ, ಅದs ಖರೆ.”

“ಹುಲ್ಲು?” ಎಂದರು ಮಹಾಂತೇಶ. ದನಿ ಸಣ್ಣದಾಗಿತ್ತು. ಅವರ ಕೈ ಕಂಬಳಿಯ ಅಂಚಿಗೆ ಹೋಯಿತು. ಬೀರಸಿದ್ದಪ್ಪ ಗೇಟಿನಲ್ಲೇ ನಿಂತುಬಿಟ್ಟ.

ಹಣಮವ್ವ ಆ ಕೈಯನ್ನೇ ನೋಡುತ್ತಿದ್ದಳು. “ತಗೀತಿದ್ರ ಈಗs ತಗೀರಿ ಸಾಹೇಬ್ರ. ನಾ ಸಿಟ್ಟ ಮಾಡಂಗಿಲ್ಲ. ಇಷ್ಟ ವರ್ಷ ಜಾಗಾ ಕೊಟ್ಟ ಓಣಿ ಐತಿ, ಕೈಮುಗದs ಹೋಗ್ತೇನಿ. ಮರಿ ಮಲಗಿದ ಮ್ಯಾಲ ಎಬ್ಬಸಬ್ಯಾಡ್ರಿ ಅಷ್ಟ.”

ರಸ್ತೆಯಲ್ಲಿ ಒಂದು ಟ್ರ್ಯಾಕ್ಟರು, ಮನೆಯಷ್ಟೆತ್ತರ ಕಬ್ಬು ಹೇರಿಕೊಂಡು, ಗೇಟು ನಡುಗುವಂತೆ ಹೋಯಿತು. ಮಹಾಂತೇಶ ಅದು ಹೋಗುವವರೆಗೂ ನೋಡಿದರು.

“ದುರ್ಗಪ್ಪನವ್ರು ಹೊದ್ದ ಮ್ಯಾಲ ಏನಂತಿದ್ರಬೇ?”

“ಏನಿಲ್ಲ. ನೀರ ಕುಡಸ್ರಿ ಅಂತಿದ್ದ.”

“ಮುತ್ತಪ್ಪಾ,” ಅಧ್ಯಕ್ಷರು ಮೈಕಿನಲ್ಲೇ ಹೇಳಿದರು, “ಕಾರಂಜಿ ಚಾಲೂ ಮಾಡೊ.”

ಉದ್ಘಾಟನೆಯ ದಿನ ಚಿಮ್ಮಿ ಅಂದಿನಿಂದ ಒಣಗಿದ್ದ ಕಾರಂಜಿ ಎರಡು ಸಲ ಕೆಮ್ಮಿ ನೀರು ಬಿಟ್ಟಿತು. ಕುರಿಗಳು ಸುತ್ತಲೂ ಕೊರಳು ಚಾಚಿದವು. ಅದನ್ನು ಕಟ್ಟಿದವರಿಗೆ ನಮ್ಮ ಓಣಿ ಮನಸಾರೆ ಉಪಕಾರ ನೆನೆದದ್ದು ಅವತ್ತೇ.

“ನಿಮ್ಮ ಹೊಟ್ಟಿ ತಣ್ಣಗಿರ್ಲೆಪ್ಪಾ,” ಎಂದಳು ಹಣಮವ್ವ.

ಮಹಾಂತೇಶರ ಹಣೆಯಿಂದ ಬೆವರು ಇಳಿಯುತ್ತಿತ್ತು. ಕಸ್ತೂರಿಗೆ ಕನಿಕರ ಬಂತು. “ಸೆಕಿ ಐತ್ರಿ. ಎಲ್ಲಾರೂ ನೋಡ್ಯಾರ, ಸಾಕು, ತಗೀರಿನ್ನ.”

“ಇರ್ಲಿ,” ಅವರು ಗೇಟಿನತ್ತ ನೋಡುತ್ತ ಅಂದರು. “ಹಿಂದಿನವು ಇನ್ನೂ ರೋಡಿನಾಗs ಅದಾವ.”