ಶಂಕ್ರಮ್ಮ ಕೂತರೆ ನಿಲ್ಲುವ ಸದ್ದು

ಕಲಬುರಗಿ ಶಹಾಬಜಾರದ ಅರಿವೆ ಅಂಗಡಿ ಗುರುಲಿಂಗಪ್ಪನ ಅಂಬಾಸಿಡರ್ ಕಾರು ಎಷ್ಟು ಹಳೆಯದೆಂದರೆ, ಬಹಮನಿ ಸುಲ್ತಾನರ ಆನೆಗಳು ಸಹ ಅದಕ್ಕೆ 'ಅಜ್ಜೀ, ನೀ ಮುಂದ ನಡಿ' ಎಂದು ದಾರಿ ಬಿಟ್ಟಿರಬೇಕು. ಅದರ ಬಾಗಿಲು ಹಾಕಿದರೆ ಓಣಿಯ ಆಚೆ ತುದಿಯ ಕೂಸು ಬೆಚ್ಚಿ ಏಳುತ್ತಿತ್ತು. ಗುರುಲಿಂಗಪ್ಪ ಮಾತ್ರ ಅದನ್ನು ಒರೆಸುವಾಗ ಬಾಣಂತಿ ಕೂಸಿಗೆ ಎಣ್ಣೆ ಹಚ್ಚಿದ ಹಾಗೆ ಒರೆಸುತ್ತಿದ್ದ. ಹೆಂಡತಿ ಶಂಕ್ರಮ್ಮ ಅದಕ್ಕೆಂದೂ ಹೊಟ್ಟೆ ಉರಿಸಿಕೊಂಡವಳಲ್ಲ. ಕಾರು ಎಷ್ಟಾದರೂ ಕಬ್ಬಿಣ. ಅದು ತಲೆಗೆ ಹೂ ಮುಡಿಯುವುದಿಲ್ಲ, ಎದುರಿಗೆ ಬಂದು ನಗುವುದಿಲ್ಲ.

ಅವಳ ಹೊಟ್ಟೆಯಲ್ಲಿ ಒಲೆ ಹಚ್ಚಿದವಳು ಕಮಲಾಪುರದ ಲಲಿತಾಬಾಯಿ.

ಗುರುಲಿಂಗಪ್ಪ ಮದುವೆಗೆ ಮೊದಲು ನೋಡಿ ಒಪ್ಪಿ ಬಂದಿದ್ದ ಹೆಣ್ಣು ಅವಳು. ವೀಳ್ಯ ಹಿಡಿಯುವ ಹೊತ್ತಿಗೆ ದೊಡ್ಡವರು ಯಾವುದೋ ಸಣ್ಣ ಮಾತಿಗೆ ಮೀಸೆ ತಿರುವಿಕೊಂಡು ಸಂಬಂಧ ಮುರಿದಿದ್ದರು. ಆಕೆ ಬೀದರ ಕಡೆ ಲಗ್ನವಾಗಿ ಹೋದಳು, ಈತನಿಗೆ ಶಂಕ್ರಮ್ಮ ಬಂದಳು, ಕತೆ ಮುಗಿದಿತ್ತು. ಆದರೆ ಗಂಡ ತೀರಿದ ಮೇಲೆ ಲಲಿತಾಬಾಯಿ ಕಮಲಾಪುರಕ್ಕೆ, ಅಣ್ಣ ಮಾಪಣ್ಣನ ಮನೆಗೆ ತಿರುಗಿ ಬಂದು ಅಲ್ಲಿ ಕೆಂಪು ಬಾಳೆಯ ತೋಟ ನೋಡಿಕೊಂಡಿದ್ದಳು. ಅರಿವೆ ಮಾರಲು ಅಲ್ಲಿಯ ಸಂತೆಗೆ ಹೋಗಿದ್ದ ಗುರುಲಿಂಗಪ್ಪ ಅವಳನ್ನು ಕಂಡು ಬಂದ. ಕಂಡರೆ ಕಂಡ, ಬಾಯಿಯಲ್ಲಿ ರೊಟ್ಟಿ ಇತ್ತಲ್ಲ, ಅದನ್ನೇ ಅಗಿಯಬಾರದೆ?

"ಲಲಿತಾಬಾಯಿ ಇನ್ನೂ ಹಂಗಽ ಇದ್ದಾಳ ನೋಡು," ಅಂದ. "ಹಿಡಿ ಕಡ್ಡಿ ಇದ್ದಂಗ. ವಯಸ್ಸು ಆಕೀ ಮನೀ ಹಾದೀನಽ ಮರತದ."

ಶಂಕ್ರಮ್ಮ ಒಲೆಯ ಮುಂದೆ ಕೂತಿದ್ದಳು. ಅವಳು ಕೂತರೆ ಒಲೆಯೂ ಕಾಣುತ್ತಿರಲಿಲ್ಲ, ಅಡುಗೆಮನೆಯ ಆಚೆ ಗೋಡೆಯೂ ಕಾಣುತ್ತಿರಲಿಲ್ಲ. ಆ ದಿನ ಸುಟ್ಟ ರೊಟ್ಟಿ ಎಷ್ಟು ಕರಕಲಾಗಿತ್ತೆಂದರೆ ಅದರಿಂದ ಗೋಡೆಯ ಮೇಲೆ ಅಕ್ಷರ ಬರೆಯಬಹುದಿತ್ತು.

ಮರುದಿನ ಬಳೆಗಾರ್ತಿ ಇಮಾಮಬಿ ಬಂದಾಗ ಶಂಕ್ರಮ್ಮ ಕೈ ಚಾಚಿದಳು, ಜೊತೆಗೆ ಕಣ್ಣೀರನ್ನೂ ಹಾಕಿದಳು. ಇಮಾಮಬಿ ಬಳೆ ತೊಡಿಸುತ್ತಲೇ ಉಪಾಯ ಹೇಳಿದಳು.

"ಓಡಿದ ಕುದುರಿ ಲಾಳ ಒಂದು ತಗೋ ಯವ್ವಾ. ನೀ ಉಟ್ಟ ಅರಿವ್ಯಾಗ ಸುತ್ತು. ಅಂವಾ ಓಡಾಡೋ ಗಾಡಿಗೆ ಕಟ್ಟು. ಹೆಣ್ತಿ ಜಾಗಾ ಎಡಕ್ಕ, ಅದಕ್ಕ ಎಡಕ್ಕಽ ಕಟ್ಟಬೇಕು. ಗಂಡಗ ಗೊತ್ತಾಗಬಾರ್ದು. ಕಟ್ಟಿದ ಕೈ ಬಿಟ್ಟು ಬ್ಯಾರೆ ಕೈ ಬಿಚ್ಚಬಾರ್ದು. ಬಿಚ್ಚಿದವರಿಗೆ ಬಡೀತದ. ಗಾಡಿ ಎಲ್ಲಿ ಹೋದ್ರೂ ಮನೀ ಕಡಿಗೇ ತಿರಗ್ತದ, ನೋಡ್ತಿರು."

ಗುರುಲಿಂಗಪ್ಪ ಜಳಕಕ್ಕೆ ಹೋದ ಹೊತ್ತು ನೋಡಿ ಶಂಕ್ರಮ್ಮ ಕಾರಿನ ಕೆಳಗೆ ನುಗ್ಗಿದಳು. ಅವಳು ಕಾರಿನ ಕೆಳಗೆ ಹೋದಳೋ, ಕಾರೇ ಅವಳ ಮೇಲೆ ಹತ್ತಿ ಕೂತಿತೋ ಹೇಳುವುದು ಕಷ್ಟ. ಹಿಂದಿನ ಎಡ ಸೀಟು ಅವಳ ಕಾಯಂ ಜಾಗ. ಅದರ ಕೆಳಗೆ ಗಾಲಿಯ ಭಾರ ಹೊರುವ ಕಮಾನು ಪಟ್ಟಿ ಇರುತ್ತದಲ್ಲ, ಅದರ ಮೇಲೆ ಲಾಳ ಇಟ್ಟು, ತನ್ನ ಹಳೆಯ ಖಣದ ಕುಪ್ಪಸದ ಚೂರಿನಲ್ಲಿ ಸುತ್ತಿ, ತಂತಿಯಿಂದ ಬಿಗಿದು ಬಂದಳು. ಸೊಂಟ ಹಿಡಿದು ವಾರವೆಲ್ಲ ಬಿಲ್ಲಿನಂತೆ ಓಡಾಡಿದಳು. ಗಂಡ ಕೇಳಿದರೆ, "ಹಿಟ್ಟು ನಾದಿ ಉಳಕ್ಯದ" ಅಂದಳು.

ಮಳೆಗಾಲ ಮುಗಿಯುವವರೆಗೆ ಮಂತ್ರ ಹಾಕಿದ ಹಾಗೆ ನಡೆಯಿತು. ಗುರುಲಿಂಗಪ್ಪ ಕಮಲಾಪುರದ ಹೆಸರೇ ಎತ್ತಲಿಲ್ಲ. ಶಂಕ್ರಮ್ಮ ಇಮಾಮಬಿಗೆ ಹೊಸ ಸೀರೆ ಉಡಿಸಿದಳು, ಲಾಳವನ್ನು ಮರೆತಳು.

ಆಮೇಲೆ ಕಾರು ಸದ್ದು ಮಾಡತೊಡಗಿತು.

ಓಣಿಯಲ್ಲಿ ಎಮ್ಮೆಯ ಹಿಂದೆ ನಿಧಾನ ಹೋಗುವಾಗ ಏನೂ ಇಲ್ಲ. ಊರು ದಾಟಿ ಹುಮನಾಬಾದ ರಸ್ತೆಗೆ ಬಿದ್ದರೆ ಹಿಂದಿನಿಂದ ಕಟಕಟ, ಕಟಕಟ. ಸತ್ತವರ ಹಲ್ಲು ಚಳಿಗೆ ನಡುಗಿದ ಹಾಗೆ, ಎಂದು ಗುರುಲಿಂಗಪ್ಪ ವರ್ಣಿಸಿದ. ಶರಣಬಸವೇಶ್ವರ ಗುಡಿಯ ಹಿಂದಿನ ಮೇಸ್ತ್ರಿ ಬುರ್ಹಾನುದ್ದೀನನ ಹತ್ತಿರ ಒಯ್ದ. ಅವನು ರಬ್ಬರ್ ಬುಶ್ ಬದಲಿಸಿದ, ಸದ್ದು ಹೋಗಲಿಲ್ಲ. ಶಾಕ್ ಅಬ್ಸಾರ್ಬರ್ ಬದಲಿಸಿದ, ಸದ್ದು ನಕ್ಕಿತು. ಕೊನೆಗೆ ಕೈ ಒರೆಸಿಕೊಳ್ಳುತ್ತ, "ಅರೇ ಸಾಹುಕಾರ್, ನನ್ನ ಕೈಲೆ ಆಗೋದೆಲ್ಲ ಆಯ್ತು. ಉಳಿದದ್ದು ನಿಮ್ಮ ಮನೀ ಮಾಮಲಾ" ಅಂದುಬಿಟ್ಟ. ಅದರ ಅರ್ಥ ಗುರುಲಿಂಗಪ್ಪನಿಗೆ ಆಗಲಿಲ್ಲ.

"ಕಮಲಾಪುರದಾಗ ಮಾಪಣ್ಣ ಅಂತ ಇದ್ದಾನ," ಎಂದು ಮನೆಗೆ ಬಂದು ಹೇಳಿದ. "ಟ್ರ್ಯಾಕ್ಟರ್ ಬಿಚ್ಚಿ ಜೋಡಸ್ತಾನ. ಅವಗ ತೋರಸ್ತೀನಿ."

ಶಂಕ್ರಮ್ಮನ ಕೈಯಲ್ಲಿದ್ದ ಸೌಟು ಸಾರಿನಲ್ಲಿ ಮುಳುಗಿತು. "ಯಾವ ಮಾಪಣ್ಣ? ಆ ಹಿಡಿ ಕಡ್ಡೀ ಅಣ್ಣ?"

"ಸದ್ದಿಗೆ ಅಣ್ಣ ತಂಗಿ ಇರ್ತಾವೇನ?"

ಹೋದ. ಮುಂದಿನ ಸಂತೆಗೂ ಹೋದ, ಅದರ ಮುಂದಿನದಕ್ಕೂ ಹೋದ. ಹೋಗುವಾಗ ಗಡ್ಡ ಕೆರೆಸಿಕೊಂಡು, ಇಸ್ತ್ರಿ ಧೋತರ ಉಟ್ಟು ಹೋಗುತ್ತಿದ್ದ. ಕಾರಿನ ಕೆಳಗೆ ಮಲಗುವವರು ಇಸ್ತ್ರಿ ಧೋತರ ಉಡುತ್ತಾರೆಯೇ? ಬರುವಾಗ ಒಂದು ಗೊನೆ ಕೆಂಪು ಬಾಳೆಹಣ್ಣು. ಸದ್ದು ಮಾತ್ರ ಹೋಗಿರಲಿಲ್ಲ. ಶಂಕ್ರಮ್ಮ ಆ ಹಣ್ಣನ್ನು ಒಂದು ಸಲವೂ ಬಾಯಿಗೆ ಇಡಲಿಲ್ಲ. ಓಣಿಯ ಮಂದಿಗೆಲ್ಲ ಹಂಚಿದಳು, ಆಡಿಗೆ ಹಾಕಿದಳು. ಶಹಾಬಜಾರದ ಆಡುಗಳು ಆ ವರ್ಷ ಕುದುರೆಯಷ್ಟು ಬೆಳೆದವು. ಆದರೆ ಕೈಗೆ ಹತ್ತಿದ ಆ ವಾಸನೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಮಲಗಿದರೆ ಅಂಗೈಯಿಂದಲೇ ಲಲಿತಾಬಾಯಿ ಎದ್ದು ಬಂದು ನಗುತ್ತಿದ್ದಳು.

ಒಂದು ದಿನ ಶಂಕ್ರಮ್ಮ ತಡೆಯದೆ, "ಆ ಸದ್ದು ನನಗೂ ಕೇಳಸ್ರಿ" ಎಂದು ಹಿಂದಿನ ಎಡ ಸೀಟಿನಲ್ಲಿ ಕೂತಳು. ಹುಮನಾಬಾದ ರಸ್ತೆಯಲ್ಲಿ ಗುಂಡಿ ಹುಡುಕಿ ಹುಡುಕಿ ಗುರುಲಿಂಗಪ್ಪ ಕಾರು ಹಾಯಿಸಿದ. ಕಾರು ಪೂಜೆಗೆ ಕೂತ ಸ್ವಾಮಿಯ ಹಾಗೆ ಮೌನ.

"ಎಲ್ಲದ?" ಅಂದಳು ಶಂಕ್ರಮ್ಮ.

"ನಿನ್ನೆ ಇತ್ತು! ಶರಣನ ಆಣೆ!"

"ಶರಣಗ ಬ್ಯಾರೆ ಕೆಲಸ ಅದ. ಸದ್ದು ಕಾರಿನಾಗ ಇಲ್ರೀ, ನಿಮ್ಮ ಎದ್ಯಾಗ ಅದ. ಕಟಕಟ ಅನ್ನೋದು ಯಾರಿಗೆ ಅಂತ ನನಗೊತ್ತದ."

ಅಷ್ಟೇ ಸಾಕಾಗಿತ್ತು. ಇನ್ನೆರಡು ಸಂತೆ ಹೀಗೇ ಕಳೆದರೆ ಗಂಡ ಧೋತರದ ಜೊತೆ ತನ್ನನ್ನೂ ಮಡಚಿಟ್ಟು ಹೋಗುತ್ತಾನೆ ಎಂದು ಶಂಕ್ರಮ್ಮನಿಗೆ ಖಾತ್ರಿಯಾಯಿತು. ಬರುವ ಸಂತೆಗೆ ಅವನಿಗಿಂತ ಮೊದಲು ಕಾರಿನಲ್ಲಿ ಹೋಗಿ ಕೂತಳು. ಇಳಕಲ್ ಸೀರೆ, ಮೂಗಿನಲ್ಲಿ ಮುತ್ತಿನ ನತ್ತು, ಕಣ್ಣಿನಲ್ಲಿ ಕಾಳಗ.

ಕಮಲಾಪುರದವರೆಗೆ ಕಾರು ಉಸಿರು ಬಿಡಲಿಲ್ಲ. ಮಾಪಣ್ಣನ ಶೆಡ್ಡಿನ ಮುಂದೆ ಟ್ರ್ಯಾಕ್ಟರ್ ಒಂದು ಕರುಳು ಹೊರಗೆ ಹಾಕಿಕೊಂಡು ಬಿದ್ದಿತ್ತು. ಪಕ್ಕದಲ್ಲೇ ಮನೆ, ಹಿಂದೆ ಬಾಳೆ ತೋಟ. ಲಲಿತಾಬಾಯಿ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು. ಶಂಕ್ರಮ್ಮ ಕಣ್ಣಲ್ಲೇ ತಕ್ಕಡಿ ಹಿಡಿದು ತೂಗಿದಳು. ಕೂದಲು ಬೆಳ್ಳಗಾಗಿವೆ, ಸರಿ. ಮುಂದಿನ ಒಂದು ಹಲ್ಲಿಲ್ಲ, ಬಹಳ ಸರಿ. ಆದರೆ ನಡು! ಬಾಳೆಎಲೆಯ ದಂಟಿನಷ್ಟೇ ನಡು.

"ಬರ್ರಿ ಅಕ್ಕಾ. ಗುರಪ್ಪನ್ನಽ ಕೇಳ್ತಿದ್ದೆ, ಅಕ್ಕಾ ಯಾವಾಗ ಬರ್ತಾರ ಅಂತ."

ಗುರಪ್ಪ! ಮೂವತ್ತು ವರ್ಷ ಸಂಸಾರ ಮಾಡಿದ ಶಂಕ್ರಮ್ಮ 'ಇವರು', 'ನೋಡ್ರಿ', 'ಕೇಳಸ್ತೇನು' ಬಿಟ್ಟರೆ ಏನೂ ಕರೆದವಳಲ್ಲ. ಲಲಿತಾಬಾಯಿ ಬೆಲ್ಲದ ಚಹಾ ತಂದಳು. ಗುರುಲಿಂಗಪ್ಪನಿಗೆ ಕೇಳದೆಯೇ ಶುಂಠಿ ಹೆಚ್ಚು ಹಾಕಿದ್ದಳು. ಏನೋ ಒಂದು ಮಾತು ಅಂದಳು, ಆತ ತಲೆ ಹಿಂದೆ ಹಾಕಿ ನಕ್ಕ. ಆ ನಗು ಶಂಕ್ರಮ್ಮನಿಗೆ ಗುರುತಿತ್ತು. ಲಗ್ನವಾದ ಹೊಸದರಲ್ಲಿ ಅದು ತನ್ನದಾಗಿತ್ತು. ಎಲ್ಲಿ ಕಳೆದುಹೋಯಿತೋ ಎಂದು ಇಷ್ಟು ವರ್ಷ ಹುಡುಕಿರಲೇ ಇಲ್ಲ. ಇಲ್ಲಿ ನೋಡಿದರೆ ಚಹಾದ ಜೊತೆ ಪುಕ್ಕಟೆ ಹಂಚುತ್ತಿದ್ದಾನೆ.

"ಸದ್ದು ಎಲ್ಲಿ?" ಅಂದಳು, ಕಪ್ಪು ಮುಟ್ಟದೆ.

"ನೀವು ಇಳದು ನಿಂದ್ರಿ ಅಕ್ಕಾ," ಅಂದ ಮಾಪಣ್ಣ.

ಗುರುಲಿಂಗಪ್ಪ ಒಬ್ಬನೇ ಖಾಲಿ ಕಾರು ಓಡಿಸಿದ. ತಿರುವಿನ ಗುಂಡಿಗೆ ಇಳಿದದ್ದೇ, ಕಟಕಟ ಕಟಕಟ! ಬಾಳೆ ತೋಟದ ಗುಬ್ಬಿಗಳೆಲ್ಲ ಹಾರಿದವು. ಶಂಕ್ರಮ್ಮನ ಎದೆಯ ಮೇಲಿನ ಬಂಡೆ ಸರಿಯಿತು. ಹಾಗಾದರೆ ಸುಳ್ಳಲ್ಲ! ಆದರೆ ಬಂಡೆ ಪೂರ್ತಿ ಉರುಳುವ ಮೊದಲೇ ಮಾಪಣ್ಣ ತಂಗಿಯನ್ನು ಕರೆದು ಅದೇ ಎಡ ಸೀಟಿನಲ್ಲಿ, ಶಂಕ್ರಮ್ಮನ ಸೀಟಿನಲ್ಲಿ, ಕೂರಿಸಿದ. ಕಟಕಟ. ಲಲಿತಾಬಾಯಿ ತೊಡೆಯ ಮೇಲೆ ಬಾಳೆಗೊನೆ ಹೇರಿಕೊಂಡಳು. ಕಟಕಟ. ಅವಳ ಪಕ್ಕ ಮಾಪಣ್ಣನೂ ಕೂತ. ಕಟಕಟ. ಕೊನೆಗೆ ಶಂಕ್ರಮ್ಮ ಕೂತಳು. ಗಪ್‌ಚಿಪ್.

"ನೋಡಿದ್ರಿಲ್ಲೋ!" ಮಾಪಣ್ಣ ಚಪ್ಪಾಳೆ ಹೊಡೆದ. "ಊರಿನ ಬಾಳಿಗೊನಿ ಎಲ್ಲಾ ಹೇರಿದ್ರೂ ಕೇಳಲ್ಲ. ಅಕ್ಕಾ ಕುಂತ್ರ ಸಾಕು, ಬಾಯಿ ಮುಚ್ಚತದ!"

ಗುರುಲಿಂಗಪ್ಪ ನಕ್ಕ, ಲಲಿತಾಬಾಯಿ ಸೆರಗು ಬಾಯಿಗಿಟ್ಟು ನಕ್ಕಳು. ಶಂಕ್ರಮ್ಮನ ಕಿವಿಯಿಂದ ಹೊಗೆ ಬರುವುದೊಂದು ಬಾಕಿ.

"ನಗೋದು ಸಾಕು. ಇಷ್ಟು ಸಂತಿ ಮಾಡಿದ್ರಿ, ಕೆಳಗ ಏನದ ಅಂತ ನೋಡಿಲ್ಲೇನು?"

ಮಾಪಣ್ಣನ ಮುಖ ಬದಲಾಯಿತು. ಗುರುಲಿಂಗಪ್ಪನನ್ನು ನೋಡಿದ, ನೆಲ ನೋಡಿದ. "ನೋಡೇನಿ ಅಕ್ಕಾ. ಮೊದಲ ದಿನಾನಽ ನೋಡೇನಿ. ಆದ್ರ ಅದನ್ನ ನಾ ಮುಟ್ಟಾಂಗಿಲ್ಲ. ಬುರ್ಹಾನುದ್ದೀನಂದೂ ಅದಽ ಮಾತು. ಯಾರೋ ಹರಕಿ ಹೊತ್ತು ಕಟ್ಯಾರ. ಸಾಹುಕಾರಽ ಕಟ್ಯಾರ ಅಂತ ಸುಮ್ಮನಿದ್ದೆ. ಕಟ್ಟಿದವರ ಮುಂದ ಅದರ ಹೆಸರು ಹಿಡೀಬಾರ್ದಲ್ರೀ. ಬ್ಯಾರೆ ಕೈ ಬಿಚ್ಚಿದ್ರ—"

"ಬಡೀತದ," ಎಂದು ಶಂಕ್ರಮ್ಮನ ಬಾಯಿಂದ ತಾನಾಗಿ ಬಂತು.

ಆಗ ಅವಳಿಗೆ ನೆನಪಾಯಿತು. ನೆನಪಾದದ್ದು ತಲೆಯಲ್ಲಲ್ಲ, ಸೊಂಟದಲ್ಲಿ. ಸುತ್ತಿದ್ದ ಅರಿವೆ ಸವೆದಿದೆ, ಲಾಳ ಬೆತ್ತಲಾಗಿದೆ. ತಾನು ಕೂತರೆ ಪಟ್ಟಿ ತಗ್ಗಿ ಅದನ್ನು ಒತ್ತಿ ಹಿಡಿಯುತ್ತದೆ, ಎದ್ದರೆ ಅದು ಕುಣಿಯುತ್ತದೆ. ಗಂಡನನ್ನು ಮನೆಯ ಕಡೆ ತಿರುಗಿಸಲು ಕಟ್ಟಿದ್ದೇ ಅವನನ್ನು ವಾರವಾರ ಇಲ್ಲಿಗೆ ಎಳೆದು ತಂದಿದೆ. ಇಮಾಮಬಿಗೆ ಉಡಿಸಿದ ಸೀರೆ ಕಣ್ಣ ಮುಂದೆ ಹಾದುಹೋಯಿತು.

ಈಗೇನು ಮಾಡುವುದು? ಬಿಚ್ಚಿದರೆ ಈ ಕಡ್ಡಿಯ ಮುಂದೆ ಮಾನ ಹೋಗುತ್ತದೆ. ಬಿಚ್ಚದಿದ್ದರೆ ಗಂಡ ಬರುವ ಸಂತೆಗೂ ಗಡ್ಡ ಕೆರೆಸುತ್ತಾನೆ.

ಲಲಿತಾಬಾಯಿ ಹತ್ತಿರ ಬಂದು ಸಣ್ಣ ದನಿಯಲ್ಲಿ, "ನನಗೂ ಗೊತ್ತಿತ್ತು ಅಕ್ಕಾ. ಅಣ್ಣ ತೋರಿಸಿದ್ದ. ಖಣ ನೋಡಿದ ಕೂಡ್ಲೇ ತಿಳೀತು, ಹೆಂಗಸರ ಕೆಲಸ ಅಂತ" ಅಂದಳು.

"ಮತ್ತ ಹೇಳಬೇಕಿಲ್ಲೋ ಅವರಿಗೆ?"

"ಹೇಳಿದ್ರ ಅವರು ಬರೋದು ನಿಲ್ತಿತ್ತಲ್ಲ," ಅಂದಳು ಲಲಿತಾಬಾಯಿ. ನಗಲಿಲ್ಲ. "ಅಣ್ಣಗ ಟ್ರ್ಯಾಕ್ಟರ್ ಬಿಟ್ರ ಮಾತಿಲ್ಲ. ಇಲ್ಲಿ ನನ್ನ ಜೋಡಿ ಮಾತಾಡೋರು ಯಾರಿದ್ದಾರ? ಬಾಳಿ ಗಿಡ ಅದಾವ."

ಶಂಕ್ರಮ್ಮ ಮತ್ತೇನೂ ಯೋಚಿಸಲಿಲ್ಲ. ನತ್ತು ಬಿಚ್ಚಿ ಗಂಡನ ಕೈಗೆ ಕೊಟ್ಟಳು. ಇಳಕಲ್ ಸೀರೆಯ ಕಚ್ಚೆ ಬಿಗಿದು ಕಾರಿನ ಕೆಳಗೆ ಹೋದಳು. ಸಂತೆಗೆ ಹೊರಟವರು ಗಾಡಿ ನಿಲ್ಲಿಸಿ ನೋಡಿದರು. ಒಳಗಿನಿಂದ ಶರಣಬಸವೇಶ್ವರನ ಹೆಸರು, ಇಮಾಮಬಿಯ ಹೆಸರು, ಇಮಾಮಬಿಯ ವಂಶದ ಹೆಸರು ಒಂದರ ಹಿಂದೊಂದು ಹೊರಬಂದವು. ಕೊನೆಗೆ ಮಣ್ಣು, ಜಿಡ್ಡು, ತುಕ್ಕು ಬಳಿದುಕೊಂಡು ಶಂಕ್ರಮ್ಮ ಬಂದಳು. ಕೈಯಲ್ಲಿ ಲಾಳ, ಅದಕ್ಕೆ ಅಂಟಿದ ಅರಿವೆಯ ಚೂರು.

ಗುರುಲಿಂಗಪ್ಪ ಆ ಚೂರನ್ನು ಬೆರಳಲ್ಲಿ ಉಜ್ಜಿ ನೋಡಿದ. ಅರಿವೆ ಮಾರಿ ಬದುಕಿದವನು. "ಇದು ನಮ್ಮ ಅಂಗಡೀ ಖಣ. ಪಂಚಮಿಗೆ ನಾನಽ ನಿನಗ ಆರಿಸಿ ಕೊಟ್ಟಿದ್ದೆ."

ಶಂಕ್ರಮ್ಮ ಸೆರಗಿನಿಂದ ಕೈಯ ಜಿಡ್ಡು ಒರೆಸತೊಡಗಿದಳು.

"ನನ್ನ ಸಲುವಾಗಿ ಕಟ್ಟಿದೇನು? ನನಗ ಲಾಳ ಬೇಕಾತೇನು ಈ ವಯಸ್ಸಿನಾಗ?" ಎಂದು ತಲೆ ಹಿಂದೆ ಹಾಕಿ ನಕ್ಕ. ಅದೇ ನಗು. ಮಾಪಣ್ಣನ ಕಡೆ ತಿರುಗಿ, "ಕೇಳಿದೇನೋ ಮಾಪಣ್ಣಾ? ನನ್ನ ಹಿಡಿಯಾಕ ಲಾಳ ಕಟ್ಟಬೇಕಂತ!" ಅಂದ. ಮೀಸೆಯ ಮೇಲೆ ಕೈ ಹೋಯಿತು. ಹತ್ತು ವರ್ಷ ಅಲ್ಲೇ ಉದುರಿಬಿದ್ದವು.

"ಸಾಕು," ಅಂದಳು ಶಂಕ್ರಮ್ಮ. "ಮಾಪಣ್ಣಾ, ಸುತ್ತಿಗಿ ಮೊಳಿ ಕೊಡು."

ಎಲ್ಲರೂ ನೋಡುತ್ತಿದ್ದ ಹಾಗೆಯೇ ಶಂಕ್ರಮ್ಮ ಲಲಿತಾಬಾಯಿಯ ಮನೆಯ ಹೊಸ್ತಿಲಿಗೆ ಲಾಳವನ್ನು ಬಡಿದಳು. ಕಲಬುರಗಿಗೆ ಕೇಳಿಸುವ ಹಾಗೆ ಬಡಿದಳು.

"ಹಗಲೆಲ್ಲಾ ಒಬ್ಬಾಕೀ ಇರ್ತೀರಿ. ಹೊರಗಿನ ಕಣ್ಣು ಒಳಗ ಬರಬಾರ್ದು ನೋಡ್ರಿ."

"ಬಡೀರಿ ಅಕ್ಕಾ, ಛಲೋ ಆತು," ಅಂದಳು ಲಲಿತಾಬಾಯಿ. "ಬಾಗಲಾ ಅಂತೂ ನಾ ಮುಚ್ಚಾಂಗಿಲ್ಲ." ಹಲ್ಲಿಲ್ಲದ ಕಡೆಯಿಂದ ನಕ್ಕು, ಒಂದು ಗೊನೆ ತಂದು ಕಾರಿನಲ್ಲಿಟ್ಟಳು.

ಹಿಂತಿರುಗುವಾಗ ಶಂಕ್ರಮ್ಮ ಹಿಂದೆ ಕೂರಲಿಲ್ಲ. ಜಿಡ್ಡು ಬಳಿದ ಸೀರೆಯಲ್ಲೇ ಗಂಡನ ಪಕ್ಕ, ಮುಂದಿನ ಎಡ ಸೀಟಿನಲ್ಲಿ ಏರಿ ಕೂತಳು. ಹಿಂದಿನ ಸೀಟಿನಲ್ಲಿ ಬಾಳೆಗೊನೆ ಒಂದೇ. ಗುರುಲಿಂಗಪ್ಪ ಇದ್ದಬದ್ದ ಗುಂಡಿಗಳಿಗೆಲ್ಲ ಕಾರು ಇಳಿಸಿದ, ಕಿವಿ ಹಿಂದಕ್ಕೆ ಕೊಟ್ಟು ಕಾದ. ಏನೂ ಇಲ್ಲ. ಸ್ವಲ್ಪ ದೂರ ಹೋದ ಮೇಲೆ ಅವನ ಮುಖ ಜೋತುಬಿತ್ತು. ಕಲಬುರಗಿ ಕಾಣತೊಡಗಿದಾಗ ಗಂಟಲು ಸರಿಮಾಡಿಕೊಂಡ.

"ಸ್ಟೇರಿಂಗ್ ಯಾಕೋ ಬಿಗಿ ಬಂದಂಗ ಕಾಣ್ತದ."

"ಬರ್ಲಿ. ಬರೋ ಸಂತಿಗೆ ತೋರಿಸೋಣು. ನಾನೂ ಬರ್ತೀನಿ, ಇಲ್ಲೇ ಕುಂದ್ರತೀನಿ."

ಗುರುಲಿಂಗಪ್ಪ ಅವಳ ಕಡೆ ನೋಡಿದ, ರಸ್ತೆ ನೋಡಿದ. ಮೀಸೆಯ ಕೆಳಗೆ ಏನೋ ಅಲುಗಿತು.

ಶಂಕ್ರಮ್ಮ ಹಿಂದೆ ಕೈ ಚಾಚಿ, ಗೊನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಹಣ್ಣನ್ನು ಮುರಿದುಕೊಂಡಳು. ಸುಲಿದಳು. ಕಹಿ ಇರಲಿ, ಒಗರಾದರೂ ಇರಲಿ, ಹೋಗಲಿ ಒಂದು ಹುಳವಾದರೂ ಇರಲಿ ಎಂದು ಬೇಡಿಕೊಂಡು ಕಚ್ಚಿದಳು. ಬೆಣ್ಣೆಯಲ್ಲಿ ಜೇನು ಕಲಸಿದ ಹಾಗಿತ್ತು.

"ಹೆಂಗದ?" ಅಂದ ಗುರುಲಿಂಗಪ್ಪ.

"ಸಪ್ಪಗ," ಎಂದು ಇನ್ನೊಂದು ಮುರಿದಳು.