ಉಪವಾಸ ಕೂತ ಕೋಶಗಳು

ಹಸಿರು ಕಂಡಿತಲ್ಲ ಈಗ, ಅಗೋ ಆ ಮೂಲೆಯಲ್ಲಿ, ಅಲ್ಲ, ಧೂಳು, ಸೂಕ್ಷ್ಮದರ್ಶಕದ ತಿರುಪು ತಿರುಗಿಸಿದರೆ ಕರಗಿಹೋಗುತ್ತದೆ, ಕೋಶಕ್ಕೊಂದರಂತೆ ಬಣ್ಣ ಹಿಡಿದ ನೀಲಿ ಬೊಟ್ಟುಗಳಷ್ಟೇ ಉಳಿಯುತ್ತವೆ, ಒಂದೊಂದು ಬೊಟ್ಟಿನ ಪಕ್ಕ ಒಂದೊಂದು ಹಸಿರು ಕೂದಲು ನಿಂತಿರಬೇಕಿತ್ತು, ಸೀಲಿಯಾ, ಕೋಶದ ನೆತ್ತಿಯ ಒಂಟಿ ಕೂದಲು, ಒಂದೂ ಇಲ್ಲ — ಗಾಜು ಸರಿಸು, ಮೆಲ್ಲಗೆ, ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಎಲ್ಲರಿಗೂ ಉಪದೇಶ ಮಾಡುವವಳು ನಾನೇ, ಈಗ ಗಾಜನ್ನು ಒರಟಾಗಿ ತಳ್ಳುತ್ತಿರುವವಳೂ ನಾನೇ. ಅಕ್ಕನ ಮಗಳ ತೋಳಿನ ಚರ್ಮ ಇದು, ಎಳ್ಳಿನಷ್ಟು ಚೂರು, ನೋಯುತ್ತಾ ಚಿಕ್ಕಿ, ಇಲ್ಲ ಕಣೇ ಇರುವೆ ಕಚ್ಚಿದ ಹಾಗೆ, ಇರುವೆ ಅಲ್ಲ ಚೇಳು ಅಂತ ಅತ್ತು ಐಸ್‌ಕ್ರೀಮು ಗಿಟ್ಟಿಸಿಕೊಂಡಳು, ಕಳ್ಳಿ. ಜೀನಿನಲ್ಲಿ ಏನೋ ವ್ಯತ್ಯಾಸ ಇದೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು, ಕೆಟ್ಟದ್ದೋ ಸುಮ್ಮನೆ ಇರೋದೋ ಹೇಳೋಕಾಗಲ್ಲ ಅಂದರು ಕಣ್ಣಿನ ಡಾಕ್ಟರು, ನಾನು ಹೇಳಬಲ್ಲೆ ಅಂದೆ, ಯಾಕಂದೆನೋ. ಕಣ್ಣಿನೊಳಗೆ ಬೆಳಕು ಹಿಡಿಯುವ ಕೋಶವೂ ಇಂಥದೇ ಕೂದಲಿನ ತುದಿಯನ್ನು ಅಗಲಿಸಿಕೊಂಡು ಕೂತಿರುತ್ತದೆ, ಕೂದಲು ನಿಲ್ಲದಿದ್ದರೆ ಮೊದಲು ಮುಸ್ಸಂಜೆ ಹೋಗುತ್ತದೆ, ಆಮೇಲೆ ಹಗಲು — ಅವತ್ತು ಅಕ್ಕ ಇನ್ನೂ ದೀಪ ಹಾಕಿರಲಿಲ್ಲ, ಮೇಜಿನ ಮೇಲಿನ ಲೋಟಕ್ಕೆ ಮಗಳು ಕೈ ಚಾಚಿದಳು, ಲೋಟ ಇದ್ದದ್ದು ಇಲ್ಲಿ, ಕೈ ತಡವಿದ್ದು ಅಲ್ಲಿ, ಅಕ್ಕ ನನ್ನ ಮುಖ ನೋಡಿದಳು.

ಫೋನು ಗುಂಯ್ ಅನ್ನುತ್ತಿದೆ, ಏನಾಯ್ತೇ, ನೋಡಿದ್ಯಾ, ಕೆಟ್ಟದ್ದಾದ್ರೆ ನೀನೇ ಹೇಳು, ಡಾಕ್ಟರ ಬಾಯಿಂದ ಬೇಡ, ಇರೇ ಅಕ್ಕಾ, ಇನ್ನೂ ನೋಡ್ತಿದೀನಿ. ಕೋಶಗಳನ್ನು ಉಪವಾಸ ಕೆಡವಿದರೆ ಮಾತ್ರ ಕೂದಲು ಬರುವುದು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು, ಊಟ ಬಿದ್ದರೆ ಒಂದೂ ಮೂಡುವುದಿಲ್ಲ, ಹಾಗಾದರೆ ಯಾರಾದರೂ ಊಟ ಹಾಕಿದ್ದರೆ, ಹೌದು, ಅನ್ನಪೂರ್ಣೆ, ಬೆಳಿಗ್ಗೆ ಎಲ್ಲರ ಕೋಶಗಳ ತಟ್ಟೆಗೂ ಪೋಷಕ ದ್ರವ ಹಾಕುವ ಸಹೋದ್ಯೋಗಿಗೆ ನಾವಿಟ್ಟ ಹೆಸರು, ಬಾಗಿಲಿಂದ ತಲೆ ಹಾಕಿ ಕೇಳಿದೆ, ಅಯ್ಯೋ ನಿಮ್ಮ ಎರಡು ತಟ್ಟೆಗೂ ಹಾಕ್ಬಿಟ್ನೇನೋ ಕಣ್ರೀ, ಹಾಕಿದ್ರೆ ಎರಡಕ್ಕೂ, ಕೈ ಓಡ್ತಾ ಇತ್ತು, ನೆನಪಾಗ್ತಿಲ್ಲ, ಬೈಬೇಡಿ. ಬೈಯುವುದೇ, ಬೇರೆ ದಿನವಾಗಿದ್ದರೆ ಆಕಾಶ ಭೂಮಿ ಒಂದು ಮಾಡುತ್ತಿದ್ದೆ, ಇವತ್ತು ಅಪ್ಪಿಕೊಳ್ಳಬೇಕು ಅನ್ನಿಸಿತು, ಇಷ್ಟು ವರ್ಷ ತಪ್ಪಾಗದಿರಲಿ ಅಂತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವಳು ಈಗ ತಪ್ಪಾಗಿರಲಿ, ದೇವರೇ ತಪ್ಪಾಗಿರಲಿ ಅಂತ ಬೇಡುತ್ತಿದ್ದೇನೆ. ಎರಡನೆಯ ತಟ್ಟೆ ಅಕ್ಕನದು, ಹೋಲಿಸಿ ನೋಡಲು ಅವಳ ಚರ್ಮವನ್ನೂ ಬೆಳೆಸಿದ್ದೆ, ಅವಳ ಜೀನಿನ ಎರಡು ಪ್ರತಿಗಳಲ್ಲಿ ಒಂದರಲ್ಲಷ್ಟೇ ದೋಷ, ಇನ್ನೊಂದು ಸರಿಯಿದೆ, ಉಪವಾಸವಿದ್ದರೆ ಕೂದಲು ಬಂದೇ ಬರುತ್ತದೆ, ಎರಡಕ್ಕೂ ಊಟ ಬಿದ್ದಿದ್ದರೆ ಇದೂ ಬೋಳಾಗಿರಬೇಕು, ಬೋಳಾಗಿರಲಿ, ಕೈಯಲ್ಲೇ ಲೋಟ ಇದ್ದ ಹಾಗೆ ಗಾಳಿಯನ್ನು ಹಿಡಿದಳಲ್ಲ ಪುಟ್ಟಿ ಅವತ್ತು, ಬೇಡ, ಅದು ಬೇಡ, ಗಾಜು ಇಡು, ದೀಪ ಹಾಕು, ನೋಡು — ಹಸಿರು. ಸಾಲಾಗಿ, ಪ್ರತಿಯೊಂದರ ನೆತ್ತಿಯಲ್ಲೂ ಹಸಿರು. ಯಾರೂ ಊಟ ಹಾಕಿಲ್ಲ, ಯಾರೂ ತಪ್ಪು ಮಾಡಿಲ್ಲ, ಹಾಗಾದರೆ ಅವಳ ಮಗಳದು ನಿಜಕ್ಕೂ ಬೋಳು, ತಿರುಪು ತಿರುಗಿಸುತ್ತೇನೆ, ಇದೂ ಧೂಳಾಗಲಿ ಅಂತ, ಕರಗುತ್ತಿಲ್ಲ, ಇನ್ನೂ ಚೂಪಾಗುತ್ತಿದೆ, ಫೋನು ಮತ್ತೆ, ಅಕ್ಕ, ಮೇಜು, ಮುಸ್ಸಂಜೆ, ಲೋಟ ಇಲ್ಲಿ, ಪುಟ್ಟ ಕೈ ಅಲ್ಲಿ, ಲೋಟ ಇಲ್ಲಿ, ಕೈ —